ಮಂಗ, ಹಂದಿ, ನವಿಲು: ಹಿತ್ತಲಲ್ಲಿ ತರಕಾರಿ ಬೆಳೆಯೋದೇ ಬಿಡಬೇಕಾ?

ಪ್ರಶ್ನೆ: ನಮ್ಮದು ಹೊಸನಗರ ತಾಲೂಕಿನಲ್ಲಿ ಒಂಟಿ ಮನೆ. ಹಿಂದೆ ಅಡಿಕೆ ತೋಟ, ಅದರಾಚೆ ಕಾಡು. ನಾನು ಶಾಲೆಯಲ್ಲಿ ಪಾಠ ಮಾಡಿ ನಿವೃತ್ತಳಾದವಳು. ಈಗ ಮನೆಯಲ್ಲಿ ನಾನು, ನಮ್ಮ ಯಜಮಾನರು ಇಬ್ಬರೇ. ಹಿತ್ತಲಿನ ನಾಲ್ಕು ಗುಂಟೆಯಲ್ಲಿ ಬೀನ್ಸ್, ಅಲಸಂದೆ, ಸೌತೆ, ಬೆಂಡೆ, ಕೆಸು, ಗೆಣಸು ಬೆಳೆಯುತ್ತಿದ್ದೆ. ಮೂರು ವರ್ಷದಿಂದ ಒಂದು ಸೌತೆಕಾಯಿ ಪೂರ್ತಿ ಬೆಳೆದದ್ದು ನೋಡಿಲ್ಲ. ಬೆಳಿಗ್ಗೆ ಹತ್ತರ ಹೊತ್ತಿಗೆ ಮಂಗನ ಹಿಂಡು ಬರುತ್ತದೆ. ರಾತ್ರಿ ಯಾವುದೋ ಪ್ರಾಣಿ ಗೆಣಸಿನ ಏರಿ ಅಗೆದು ಹಾಕುತ್ತದೆ. ನಸುಕಿನಲ್ಲಿ ನವಿಲು ಬಂದು ಸಸಿ ಕುಕ್ಕುತ್ತದೆ. ಹುಲಿ ಗೊಂಬೆ ಇಟ್ಟೆ, ಪಟಾಕಿ ಹೊಡೆದೆ, ಆನ್‌ಲೈನಿನಲ್ಲಿ ಶಬ್ದ ಮಾಡುವ ಯಂತ್ರ ತರಿಸಿದೆ. ಒಬ್ಬರು ಮನೆ ಕರೆಂಟನ್ನೇ ಬೇಲಿ ತಂತಿಗೆ ಕೊಡಿ ಅನ್ನುತ್ತಾರೆ. ಇನ್ನೊಬ್ಬರು ಥಿಮೆಟ್ ವಿಷವನ್ನು ಬಟ್ಟೆಯಲ್ಲಿ ಕಟ್ಟಿ ತೂಗಿಸಿ, ಅದಕ್ಕೂ ಬಗ್ಗದಿದ್ದರೆ ಬಾಳೆಹಣ್ಣಿಗೆ ಹಾಕಿಡಿ ಅನ್ನುತ್ತಾರೆ. ನನಗೆ ಎರಡಕ್ಕೂ ಮನಸ್ಸಿಲ್ಲ. ಆಂಜನೇಯ ಅಂತ ಕೈಮುಗಿಯುವ ಪ್ರಾಣಿಗೆ ಕಲ್ಲು ಬೀಸುವಾಗಲೇ ಕೈ ನಡುಗುತ್ತದೆ. ತರಕಾರಿ ಬೆಳೆಯೋದೇ ಬಿಟ್ಟುಬಿಡಲೇ?

ಉತ್ತರ:

ಅಕ್ಕೋರೇ (ನಮ್ಮ ಕಡೆ ಟೀಚರಿಗೆ ಹಾಗೇ ಕರೆಯೋದು), ಬಿಡಬೇಡಿ. ಆದರೆ ನಾಲ್ಕು ಗುಂಟೆಯನ್ನೂ ಕಾಯುತ್ತೇನೆ ಅನ್ನೋ ಹಟ ಬಿಡಿ. ಒಂದು ಸಣ್ಣ ಜಾಗವನ್ನು ಪೂರ್ತಿಯಾಗಿ ಮುಚ್ಚಿ, ಉಳಿದ ಜಾಗದಲ್ಲಿ ಪ್ರಾಣಿಗಳು ಮುಟ್ಟದ ಗಿಡ ಹಾಕಿ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಶಿವಮೊಗ್ಗ, ಉತ್ತರ ಕನ್ನಡದ ಹಳ್ಳಿಗಳಲ್ಲಿ ಬೆಳೆ ಹಾನಿ ನೋಡಿಕೊಂಡು ಓಡಾಡಿದವನು ನಾನು. ಕೊನೆಗೆ ಉಳಿದುಕೊಂಡ ಹಿತ್ತಲುಗಳೆಲ್ಲ ಹೆಚ್ಚುಕಡಿಮೆ ಹೀಗೇ ಉಳಿದುಕೊಂಡವು.

ನಿಮ್ಮಂಥ ಪ್ರಶ್ನೆ ಕೇಳೋದು ಹೆಂಗಸರೇ ಜಾಸ್ತಿ. ಅಡಿಕೆ ಹೋದರೆ ಸಭೆ ಸೇರುತ್ತದೆ, ಅರ್ಜಿ ಹೋಗುತ್ತದೆ, ಪೇಪರಿನಲ್ಲಿ ಬರುತ್ತದೆ. ಸೌತೆಕಾಯಿ ಹೋದದ್ದನ್ನು ಯಾರೂ ಬರೆದುಕೊಳ್ಳುವುದಿಲ್ಲ. ಆದರೆ ಹಿತ್ತಲು ಹೋದ ಮನೆಯಲ್ಲಿ ವಾರಕ್ಕೆರಡು ಸಲ ಪೇಟೆಯಿಂದ ತರಕಾರಿ ಬರುತ್ತದೆ, ಅಜ್ಜಿ ಕಾಲದಿಂದ ಇಟ್ಟುಕೊಂಡು ಬಂದ ಸೌತೆ ಬೀಜ, ಅಲಸಂದೆ ಬೀಜ ಎರಡೇ ವರ್ಷಕ್ಕೆ ಕಳೆದುಹೋಗುತ್ತದೆ. ಇದು ಸಣ್ಣ ನಷ್ಟ ಅಂತ ನನಗೆ ಯಾವತ್ತೂ ಅನ್ನಿಸಿಲ್ಲ.

ನೀವು ಬರೆದದ್ದರಲ್ಲಿ ಮೂರು ಪ್ರಾಣಿ ಇವೆ. ಮೂರಕ್ಕೂ ಬೇರೆ ಬೇರೆ ಹೊತ್ತು, ಬೇರೆ ಬೇರೆ ಬುದ್ಧಿ. ಮಂಗ ಕಣ್ಣಿನಿಂದ ನೋಡಿ, ಕೈಯಿಂದ ಕೀಳುವ ಪ್ರಾಣಿ, ಹಗಲು ಬರುತ್ತದೆ. ರಾತ್ರಿ ಬರುವವರು ಬಹುತೇಕ ಮೂಗಿನಿಂದ ಹುಡುಕುವವರು. ನವಿಲಿಗೆ ಬೇಕಾದ್ದು ಎಳೆ ಸಸಿ, ಹುಳ, ಟೊಮೆಟೊ. ಹುಲಿ ಗೊಂಬೆ ಕತ್ತಲಲ್ಲಿ ಹಂದಿಗೆ ಕಾಣುವುದೂ ಇಲ್ಲ. ಒಂದೇ ಔಷಧಿ ಮೂರು ರೋಗಕ್ಕೂ ಕೊಟ್ಟ ಹಾಗಾಗಿದೆ, ಅದಕ್ಕೇ ಯಾವುದೂ ನಾಟಿಲ್ಲ.

ಮೊದಲು ಆ ರಾತ್ರಿಯ ಪ್ರಾಣಿ ಯಾವುದು ಅಂತ ಗೊತ್ತಾಗಬೇಕು. ಇದಕ್ಕೆ ಕ್ಯಾಮೆರಾ ಏನೂ ಬೇಡ. ಬಚ್ಚಲೊಲೆಯ ಬೂದಿ ಜರಡಿ ಹಿಡಿದು, ಸಂಜೆ ಗೆಣಸಿನ ಏರಿಯ ಸುತ್ತ ಮತ್ತು ಬೇಲಿ ಸಂದಿನಲ್ಲಿ ಎರಡು ಅಡಿ ಅಗಲಕ್ಕೆ ತೆಳ್ಳಗೆ ಹರಡಿ. ಬೆಳಿಗ್ಗೆ ನೋಡಿ. ಎರಡು ಸೀಳಿನ ಗೊರಸು, ಅದರ ಹಿಂದೆ ಎರಡು ಪುಟ್ಟ ಚುಕ್ಕಿ ಇದ್ದರೆ ಕಾಡುಹಂದಿ. ಮಣ್ಣು ಟಿಲ್ಲರ್ ಹೊಡೆದ ಹಾಗೆ ಉದ್ದಕ್ಕೆ ಉತ್ತು ಹೋಗಿರುತ್ತದೆ. ಗೊರಸು ತೀರಾ ಸಣ್ಣದಾಗಿ, ಮುಂದೆ ಚೂಪಾಗಿದ್ದು, ಗಿಡದ ಕುಡಿ ಮಾತ್ರ ಹೋಗಿದ್ದರೆ ಕಾಡುಕುರಿ ಇರಬಹುದು. ಅಲ್ಲಲ್ಲಿ ಗುಂಡಿ ತೋಡಿ, ಗೆಡ್ಡೆಯಲ್ಲಿ ಅಗಲವಾದ ಹಲ್ಲಿನ ಗುರುತು ಬಿಟ್ಟಿದ್ದರೆ ಮುಳ್ಳುಹಂದಿ, ಅದೃಷ್ಟವಿದ್ದರೆ ಒಂದೆರಡು ಮುಳ್ಳೂ ಸಿಗುತ್ತವೆ. ಮೇಲೆ ಬಳ್ಳಿ ಚೆನ್ನಾಗೇ ಇದ್ದು ಒಳಗೆ ಗೆಡ್ಡೆ ಮಾತ್ರ ಖಾಲಿಯಾಗಿ, ಹತ್ತಿರದಲ್ಲೇ ಮಣ್ಣಿನ ಗುಪ್ಪೆ ಇದ್ದರೆ ಅದು ಹೆಗ್ಗಣ, ಕಾಡುಪ್ರಾಣಿಯನ್ನು ಬೈಯಬೇಕಾಗಿಲ್ಲ. ಸಸಿ ಕತ್ತರಿಯಲ್ಲಿ ಓರೆಯಾಗಿ ಕತ್ತರಿಸಿದ ಹಾಗಿದ್ದರೆ ಮೊಲ. ಒಂದು ಮನೆಯಲ್ಲಿ ವರ್ಷಗಟ್ಟಲೆ ಹಂದಿಗೆ ಅಂತ ರಾತ್ರಿ ಡಬ್ಬ ಬಡಿಯುತ್ತಿದ್ದರು. ಬೂದಿ ಹರಡಿ ನೋಡಿದರೆ ಬರುತ್ತಿದ್ದದ್ದು ಮುಳ್ಳುಹಂದಿ. ಬೇಲಿಯ ಬುಡದಲ್ಲಿದ್ದ ಒಂದೇ ಒಂದು ಕಂಡಿ ಮುಚ್ಚಿದ ಮೇಲೆ ಕಾಟ ನಿಂತಿತು. ಅಂದಹಾಗೆ ಮುಳ್ಳುಹಂದಿ ಮುಳ್ಳು ಎಸೆಯುತ್ತದೆ ಅನ್ನೋದು ಸುಳ್ಳು. ಅದು ಹಿಂದಕ್ಕೆ ನುಗ್ಗಿ ಚುಚ್ಚುತ್ತದೆ, ನಾಯಿಗೆ ಏಟಾಗೋದು ಹಾಗೆ.

ಇನ್ನು ನೀವು ಮಾಡಿ ನೋಡಿದ ಉಪಾಯಗಳು. ಹುಲಿ ಗೊಂಬೆ ಸುಳ್ಳಲ್ಲ, ಕೆಲವು ದಿನ ನಿಜವಾಗಿ ಕೆಲಸ ಮಾಡುತ್ತದೆ. 2019ರಲ್ಲಿ ತೀರ್ಥಹಳ್ಳಿ ತಾಲೂಕಿನ ರೈತರೊಬ್ಬರು ತಮ್ಮ ನಾಯಿಗೇ ಹುಲಿಪಟ್ಟೆ ಬಳಿದು ಮಂಗ ಓಡಿಸಿದ್ದು ದೇಶವಿಡೀ ಸುದ್ದಿಯಾಗಿತ್ತು, ನೆನಪಿದೆಯಾ? ಗೊಂಬೆಗಿಂತ ಅದು ನಾಟಿದ್ದೇಕೆ ಅಂದರೆ ಆ ಹುಲಿ ನಡೆದಾಡುತ್ತಿತ್ತು, ಬೊಗಳುತ್ತಿತ್ತು. ನಿಂತಲ್ಲೇ ನಿಂತ ಹುಲಿಯನ್ನು ಮಂಗ ಮೂರು ದಿನ ದೂರದಿಂದ ನೋಡುತ್ತದೆ, ನಾಲ್ಕನೇ ದಿನ ಒಂದು ಮರಿ ಹತ್ತಿರ ಹೋಗಿ ಬರುತ್ತದೆ, ಐದನೇ ದಿನ ಅದರ ತಲೆ ಮೇಲೇ ಕೂತಿರುತ್ತದೆ. ಗೊಂಬೆಯನ್ನು ವರ್ಷಪೂರ್ತಿ ಇಡದೆ, ಸೌತೆ ಹೀಚು ಬಿಟ್ಟ ಹದಿನೈದು ದಿನ ಮಾತ್ರ ಇಟ್ಟು, ದಿನಾ ಜಾಗ ಬದಲಿಸಿ, ಆಮೇಲೆ ಅಟ್ಟಕ್ಕೆ ಹಾಕಿದರೆ ಮುಂದಿನ ಸಲಕ್ಕೂ ಸ್ವಲ್ಪ ಹೆದರಿಕೆ ಉಳಿದಿರುತ್ತದೆ. ಬಿಸಿಲಿಗೆ ಬಣ್ಣ ಹೋದ ಗೊಂಬೆ ಇದ್ದೂ ಒಂದೇ ಇಲ್ಲದಿದ್ದರೂ ಒಂದೇ.

ಕಿವಿಗೆ ಕೇಳಿಸದ ಶಬ್ದದ ಯಂತ್ರ, ಅದಕ್ಕೆ ಇನ್ನು ಹಣ ಹಾಕಬೇಡಿ. ನಾನು ಹೋದ ಯಾವ ಮನೆಯಲ್ಲೂ ಅದು ಒಂದು ವಾರದ ಮೇಲೆ ಕೆಲಸ ಮಾಡಿದ್ದು ನೋಡಿಲ್ಲ. ಕ್ಷೌರದಂಗಡಿಯ ಕೂದಲು ಹಂದಿಗೆ ಎರಡು ಮೂರು ದಿನ ಅನುಮಾನ ಹುಟ್ಟಿಸುತ್ತದೆ, ಒಂದು ಮಳೆ ಬಿದ್ದರೆ ಮುಗಿಯಿತು. ಹಳೇ ಸೀರೆ ಬೇಲಿಯೂ ಅಷ್ಟೇ. ಮೆಣಸಿನ ಪುಡಿ ಬೆಳ್ಳುಳ್ಳಿ ಕಷಾಯ ಬೇಸಿಗೆಯಲ್ಲಿ ಪರವಾಗಿಲ್ಲ, ಆದರೆ ನಮ್ಮ ಮಳೆಗಾಲದಲ್ಲಿ ಬೆಳಿಗ್ಗೆ ಹೊಡೆದದ್ದು ಮಧ್ಯಾಹ್ನಕ್ಕೆ ಇರುವುದಿಲ್ಲ. ಮುಸಿಯವನ್ನು (ಕಪ್ಪು ಮುಖ, ಉದ್ದ ಬಾಲದ ಕೋತಿ) ಸಾಕಿದರೆ ಮಂಗ ಬರಲ್ಲ ಅಂತ ಯಾರಾದರೂ ಹೇಳಿಯಾರು. ಮುಸಿಯವನ್ನು ಹಿಡಿದು ಕಟ್ಟುವುದು ಅಪರಾಧ. ಅದೂ ನಿಮ್ಮ ಬೀನ್ಸಿನ ಕುಡಿ ತಿನ್ನುತ್ತದೆ.

ನೆರೆಯವರು ಕೊಟ್ಟ ಎರಡು ಸಲಹೆ ಬಗ್ಗೆ ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಮನೆ ಕರೆಂಟು ಅಂದರೆ 230 ವೋಲ್ಟ್, ಹಿಡಿದವರನ್ನು ಬಿಡುವುದಿಲ್ಲ. ರಾತ್ರಿ ಬಚ್ಚಲಿಗೆ ಹೋದ ಮನೆಯವರು, ಹಾಲು ಹಾಕಲು ಬಂದ ಹುಡುಗ, ಹಗ್ಗ ಬಿಚ್ಚಿಕೊಂಡ ದನ, ಹೀಗೆ ಸಾಯೋದು ಬಹಳ ಸಲ ನಮ್ಮವರೇ. ನಾನು ಅಂಥ ಒಂದು ಮನೆಗೆ ಹೋಗಿದ್ದೆ. ಆ ಮನೆಯ ಯಜಮಾನ ತಾನೇ ಕಟ್ಟಿದ ತಂತಿಗೆ ತಾನೇ ಸಿಕ್ಕಿದ್ದ, ಸ್ವಿಚ್ ಆರಿಸಿದ್ದೇನೆ ಅಂದುಕೊಂಡಿದ್ದನಂತೆ. ಬೇರೆಯವರು ಸತ್ತರೆ ಕ್ರಿಮಿನಲ್ ಕೇಸು, ಪ್ರಾಣಿ ಸತ್ತರೆ ವನ್ಯಜೀವಿ ಕೇಸು. ಬೇಡವೇ ಬೇಡ.

ಥಿಮೆಟ್ ಅಂದರೆ ಫೋರೇಟ್ ಅನ್ನೋ ಘೋರ ವಿಷ. 2020ರ ಕೊನೆಗೇ ನಮ್ಮ ದೇಶದಲ್ಲಿ ನಿಷೇಧವಾಗಿದೆ. ಬಟ್ಟೆಯಲ್ಲಿ ಕಟ್ಟಿ ತೂಗಿಸಿದ್ದು ಮಳೆಗೆ ಕರಗಿ ನಿಮ್ಮ ಬಸಳೆ ಬುಡಕ್ಕೆ, ಅಲ್ಲಿಂದ ಬಾವಿಗೆ ಇಳಿಯುತ್ತದೆ. ಹಳೇ ಪೊಟ್ಟಣ ಕೊಟ್ಟಿಗೆ ಅಟ್ಟದಲ್ಲಿದ್ದರೆ ಬರಿಗೈಯಲ್ಲಿ ಮುಟ್ಟಬೇಡಿ, ಕೃಷಿ ಇಲಾಖೆಯವರನ್ನು ಕೇಳಿ ಏನು ಮಾಡಬೇಕೋ ಮಾಡಿ. ಇನ್ನು ಬಾಳೆಹಣ್ಣಿಗೆ ವಿಷ ಹಾಕುವ ಮಾತು. 2021ರ ಜುಲೈನಲ್ಲಿ ಹಾಸನ ಜಿಲ್ಲೆಯಲ್ಲಿ ಮೂವತ್ತಕ್ಕೂ ಹೆಚ್ಚು ಮಂಗಗಳ ಹೆಣ ಚೀಲದಲ್ಲಿ ತುಂಬಿ ರಸ್ತೆ ಬದಿ ಎಸೆದಿದ್ದರು, ಹೈಕೋರ್ಟ್ ತಾನಾಗಿಯೇ ಆ ಪ್ರಕರಣ ಕೈಗೆತ್ತಿಕೊಂಡಿತು. ನಮ್ಮ ಮಂಗ ದಕ್ಷಿಣ ಭಾರತ ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲದ ಜಾತಿ. 1972ರ ವನ್ಯಜೀವಿ ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿ 2023ರ ಏಪ್ರಿಲ್‌ನಿಂದ ಜಾರಿಗೆ ಬಂದ ಮೇಲೆ ಇದು ಮೊದಲನೇ ಶೆಡ್ಯೂಲಿನಲ್ಲಿದೆ, ಹುಲಿ ಇರುವ ಪಟ್ಟಿಯಲ್ಲೇ. ನವಿಲೂ ಅದರಲ್ಲೇ ಇದೆ. ಕೊಂದರೆ ಕನಿಷ್ಠ ಮೂರು ವರ್ಷ ಜೈಲು, 25,000 ರೂಪಾಯಿಗೆ ಕಡಿಮೆಯಿಲ್ಲದ ದಂಡ. ಕಾಡುಹಂದಿ ಎರಡನೇ ಶೆಡ್ಯೂಲಿನಲ್ಲಿದೆ. ಬೆಳೆಗೆ ತೀರಾ ತೊಂದರೆಯಾದರೆ ಅದನ್ನು ಕೊಲ್ಲಲು ಅನುಮತಿ ಕೊಡಲು ಕಾಯ್ದೆಯಲ್ಲಿ ಅವಕಾಶವಿದೆ, ಆದರೆ ಅದನ್ನು ಕೊಡಬೇಕಾದವರು ಇಲಾಖೆಯ ಅಧಿಕಾರಿಗಳು, ನಾವಾಗಿಯೇ ಉರುಳು ಹಾಕುವ ಹಾಗಿಲ್ಲ. ಉರುಳಿಗೆ ಹಂದಿಯಷ್ಟೇ ಸುಲಭವಾಗಿ ಚಿರತೆಯೂ ಬೀಳುತ್ತದೆ, ನಿಮ್ಮ ನಾಯಿಯೂ ಬೀಳುತ್ತದೆ.

ಪಟಾಕಿ ಬಗ್ಗೆ ಒಂದು ಮಾತು. ಗರ್ನಾಲಿಗೆ ಮಂಗ ಬೇಗ ಹೊಂದಿಕೊಳ್ಳುತ್ತದೆ, ಅದು ಬಿಡಿ. ಈಗ ಪಿವಿಸಿ ಪೈಪಿಗೆ ಕಾರ್ಬೈಡ್ ಹಾಕಿ ಹೊಡೆಯುವ ಕೋವಿ ಹಳ್ಳಿಹಳ್ಳಿಗೆ ಬಂದಿದೆ. 2025ರ ದೀಪಾವಳಿಯಲ್ಲಿ ಮಧ್ಯಪ್ರದೇಶದಲ್ಲಿ ಇದೇ ಕೋವಿಯಿಂದ ನೂರಕ್ಕೂ ಹೆಚ್ಚು ಜನರ ಕಣ್ಣಿಗೆ ಗಾಯವಾಯಿತು, ಅವರಲ್ಲಿ ಮಕ್ಕಳೇ ಜಾಸ್ತಿ. ಹೊಡೆಯಲಿಲ್ಲ ಅಂತ ಪೈಪಿನೊಳಗೆ ಇಣುಕಿ ನೋಡುತ್ತಾರಲ್ಲ, ಆಗ ಸಿಡಿಯುತ್ತದೆ. ರಜೆಗೆ ಮೊಮ್ಮಕ್ಕಳು ಬರುವ ಮನೆಯಲ್ಲಿ ಅದು ಇರಲೇಬಾರದು.

ಹಾಗಾದರೆ ಇಷ್ಟು ವರ್ಷ ಇಲ್ಲದ್ದು ಈಗ ಯಾಕೆ ಬಂತು? ಕಾಡಿನಲ್ಲಿ ಹಣ್ಣಿಲ್ಲ ಅದಕ್ಕೆ ಊರಿಗೆ ಬರುತ್ತವೆ ಅಂತ ಎಲ್ಲರೂ ಹೇಳುತ್ತಾರೆ. ಅದರಲ್ಲಿ ಸತ್ಯವಿದೆ. ಹಣ್ಣಿನ ಮರಗಳ ಕಾಡು ಇದ್ದ ಕಡೆ ಅಕೇಶಿಯಾ ಬಂದಿದೆ, ಅದರಲ್ಲಿ ಮಂಗಕ್ಕೆ ಹೊಟ್ಟೆ ತುಂಬುವಂಥದ್ದು ಏನೂ ಇಲ್ಲ. ರಸ್ತೆ ಅಗಲ ಮಾಡಲು ಸಾಲುಮರಗಳಾದ ಆಲ, ಅತ್ತಿ, ನೇರಳೆಗಳನ್ನು ಕಡಿದರು. ಮೈಸೂರಿನ ಪ್ರೊಫೆಸರ್ ಮೇವಾ ಸಿಂಗ್ ಮತ್ತು ಅವರ ಜೊತೆಗಾರರು ಹಿಂದೆ ಮಂಗ ಎಣಿಸಿದ್ದ ಮೈಸೂರು ಸುತ್ತಿನ ರಸ್ತೆಗಳಲ್ಲೇ ಇಪ್ಪತ್ತೈದು ವರ್ಷದ ಮೇಲೆ ಮತ್ತೆ ಎಣಿಸಿ ನೋಡಿದರು. ಅರ್ಧಕ್ಕಿಂತ ಜಾಸ್ತಿ ಮಂಗಗಳು ಇರಲೇ ಇಲ್ಲ. ನಿಮ್ಮ ಹಿತ್ತಲಲ್ಲಿ ಮೂವತ್ತು ಕಂಡರೂ ಒಟ್ಟು ಮಂಗ ಜಾಸ್ತಿಯಾಗಿವೆ ಅಂತ ಅರ್ಥವಲ್ಲ.

ಆದರೆ ಕಾಡಿನ ಪಕ್ಕದಲ್ಲೇ ಇದ್ದು, ಕಾಡಿನಲ್ಲಿ ಹಣ್ಣಿದ್ದಾಗಲೂ ಹಿತ್ತಲಿಗೆ ಬರುವ ಹಿಂಡುಗಳಿವೆ. ಕಾರಣ ಸರಳ. ಕಾಡಿನಲ್ಲಿ ಹೊಟ್ಟೆ ತುಂಬಿಸಿಕೊಳ್ಳಲು ಮಂಗ ದಿನದ ಬಹುಪಾಲು ಅಲೆಯಬೇಕು. ನಿಮ್ಮ ಬೀನ್ಸ್ ಚಪ್ಪರದಲ್ಲಿ ಅರ್ಧ ಗಂಟೆ ಸಾಕು. ಒಂದು ತಾಯಿ ಮಂಗ ಇದನ್ನು ಕಲಿತರೆ ಮರಿ ಅದರ ಹೊಟ್ಟೆ ಹಿಡಿದುಕೊಂಡೇ ಕಲಿಯುತ್ತದೆ. ಇದಕ್ಕೆ ಘಾಟಿ ರಸ್ತೆಯಲ್ಲಿ ಕಾರು ನಿಲ್ಲಿಸಿ ಬಿಸ್ಕತ್ತು ಕೊಡುವ ಪ್ರವಾಸಿಗರೂ ಕಾರಣ, ಹಿತ್ತಲ ಮೂಲೆಯಲ್ಲಿ ನಾವು ಎಸೆಯುವ ಹಲಸಿನ ಸಿಪ್ಪೆ, ಅನ್ನದ ತಂಗಳೂ ಕಾರಣ.

ಇನ್ನೊಂದು ಕಾರಣ ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ಊರಿನಲ್ಲಿ ಜನ ಇಲ್ಲ. ಮೊದಲು ಗದ್ದೆಯಲ್ಲಿ ಹಗಲಿಡೀ ಹತ್ತು ಜನ ಇರುತ್ತಿದ್ದರು, ರಾತ್ರಿ ಮಾಳ ಕಟ್ಟಿ ಕಾಯುತ್ತಿದ್ದರು, ಮಕ್ಕಳು ಕವಣೆ ಹಿಡಿದು ಓಡಾಡುತ್ತಿದ್ದರು. ಈಗ ಮಕ್ಕಳು ಬೆಂಗಳೂರಿನಲ್ಲಿ, ಗದ್ದೆ ಸಾಗುವಳಿಯಿಲ್ಲದೆ ಹಡ್ಲು ಬಿದ್ದಿದೆ. ಹಡ್ಲು ಬಿದ್ದ ಗದ್ದೆಯಲ್ಲಿ ಆಳೆತ್ತರ ಪೊದೆ ಬೆಳೆದರೆ ಹಂದಿಗೆ ಅದಕ್ಕಿಂತ ಒಳ್ಳೆ ಬಾಣಂತಿ ಕೋಣೆ ಬೇಕಾ? ನಿಮ್ಮ ಮನೆಯಿಂದ ನೂರು ಅಡಿಯಲ್ಲೇ ಅಂಥ ಪೊದೆ ಇದ್ದರೆ, ಬೇಲಿಗೆ ದುಡ್ಡು ಹಾಕುವ ಮೊದಲು ಅದನ್ನು ಸವರಿಸಿ.

ಈಗ ಏನು ಮಾಡಬಹುದು ಅನ್ನೋದು. ನಾನು ಹೇಳೋದು ತರಕಾರಿಗೆ ಒಂದು ಬಲೆ ಮನೆ. ಮಂಗ ಇರುವ ಕಡೆ ಸುತ್ತ ಬೇಲಿ ಹಾಕಿ ಮೇಲೆ ಬಿಟ್ಟರೆ ಪ್ರಯೋಜನವಿಲ್ಲ, ಮಾಡೂ (ಚಾವಣಿಯೂ) ಬೇಕು. 20 ಅಡಿ ಉದ್ದ, 15 ಅಡಿ ಅಗಲ, 7 ಅಡಿ ಎತ್ತರ ಇಟ್ಟುಕೊಳ್ಳಿ. ಸುತ್ತಿಗೆ 490 ಚದರ ಅಡಿ, ಮೇಲಕ್ಕೆ 300, ಮಣ್ಣಿನೊಳಗೆ ಹೋಗುವ ಅಂಚು ಸೇರಿಸಿದರೆ ಒಟ್ಟು ಸುಮಾರು 930 ಚದರ ಅಡಿ ಬಲೆ. ಇದನ್ನು ನಿಮ್ಮ ಪೇಟೆಯ ದರಕ್ಕೆ ಗುಣಿಸಿ, ಕಂಬ, ಕೂಲಿ ಸೇರಿಸಿ. ಮೊದಲು ಮೊತ್ತ ನೋಡಿ ಗಾಬರಿಯಾಗುತ್ತದೆ. ನೆನಪಿಡಿ, ಒಳ್ಳೆ ಜಿಐ (ಸತು ಲೇಪಿಸಿದ ಕಬ್ಬಿಣದ) ಬಲೆ ಹತ್ತು ವರ್ಷ ಬರುತ್ತದೆ. 300 ಚದರ ಅಡಿ ಇಬ್ಬರಿಗೆ ಸಣ್ಣದಲ್ಲ. ಒಂದು ಸಾಲು ಬೀನ್ಸ್, ಒಂದು ಅಲಸಂದೆ, ನಾಲ್ಕು ಬುಡ ಸೌತೆ, ಹತ್ತು ಬೆಂಡೆ, ಸ್ವಲ್ಪ ಹರಿವೆ, ಟೊಮೆಟೊ, ಎಲ್ಲ ಹಿಡಿಯುತ್ತದೆ. ಹಂಚಿ ತಿನ್ನುವಷ್ಟೂ ಆಗುತ್ತದೆ.

ಬಲೆ ಒಂದು ಇಂಚು ಕಣ್ಣಿನ ವೆಲ್ಡ್ ಮೆಶ್ ಇರಲಿ. ಎರಡು ಇಂಚಿನದಾದರೆ ಮಂಗ ಕೈ ತೂರಿಸಿ ಕೀಳುತ್ತದೆ. ಒಂದು ಇಂಚಿನದ್ದಕ್ಕೂ ಗಿಡವನ್ನು ಬಲೆಯಿಂದ ಒಂದೂವರೆ ಅಡಿ ಜಾಗ ಬಿಟ್ಟು ಒಳಗೆ ನೆಡಿ, ಬಲೆಗೆ ಬಳ್ಳಿ ಹಬ್ಬಿಸಬೇಡಿ. ಎಲ್ಲರೂ ಮಾಡುವ ತಪ್ಪು ಇದೇ. ಬಲೆ ಗಟ್ಟಿಯಿದೆ ಅಂತ ಹೀರೆ ಬಳ್ಳಿಯನ್ನು ಮೇಲಕ್ಕೆ ಹತ್ತಿಸುತ್ತಾರೆ, ಬಳ್ಳಿ ಮಾಡಿನ ಹೊರಗೆ ಹೋಗಿ ಅಲ್ಲಿ ಕಾಯಿ ಬಿಡುತ್ತದೆ, ಮಂಗ ಮೇಲೆ ಕೂತು ಜಗ್ಗುತ್ತದೆ, ಮಾಡು ಬಾಗುತ್ತದೆ. ಬಳ್ಳಿಗೆ ಒಳಗೇ ಐದಡಿ ಎತ್ತರಕ್ಕೆ ಬೇರೆ ತಂತಿ ಕಟ್ಟಿ. ನೈಲಾನ್ ಬಲೆ ಅಗ್ಗ ಅಂತ ಹಾಕಬೇಡಿ, ಮಂಗ ಹಲ್ಲಿನಿಂದ ಹರಿಯುತ್ತದೆ. ಕಂಬಕ್ಕೆ ಮರ ಬೇಡ, ನಮ್ಮ ಮಳೆಗೆ, ಗೆದ್ದಲಿಗೆ ಎರಡೇ ವರ್ಷ. ಜಿಐ ಪೈಪ್ ಅಥವಾ ಕಲ್ಲು ಕಂಬ ಇರಲಿ. ಮಾಡಿಗೆ ನೆರಳು ಬಲೆಯನ್ನು ಮಳೆಗಾಲದಲ್ಲಿ ಹಾಕಬೇಡಿ. ಮೊದಲೇ ಮೋಡ, ಇನ್ನೂ ಕತ್ತಲಾದರೆ ಗಿಡ ಬರೀ ಬಳ್ಳಿ ಎಳೆಯುತ್ತದೆ. ಜೇನ್ನೊಣಗಳ ಬಗ್ಗೆ ಚಿಂತೆ ಬೇಡ, ತುಡುವೆ, ನಸರಿ, ದುಂಬಿ ಎಲ್ಲ ಒಂದು ಇಂಚಿನ ಕಣ್ಣಿನಲ್ಲಿ ಒಳಗೆ ಬರುತ್ತವೆ.

ಬುಡ ಮುಖ್ಯ. ಬಲೆಯನ್ನು ಒಂದು ಅಡಿ ಮಣ್ಣಿನೊಳಗೆ ಇಳಿಸಿ, ಅಲ್ಲಿಂದ ಹೊರಗಡೆಗೆ ಇನ್ನೊಂದು ಅಡಿ ಮಡಚಿ ಹೂತುಬಿಡಿ. ಮುಳ್ಳುಹಂದಿ ಬಲೆಯ ಬುಡದಲ್ಲೇ ತೋಡುತ್ತದೆ, ಮಡಚಿದ ಭಾಗ ಕಾಲಿಗೆ ಸಿಕ್ಕಿದರೆ ಬಿಟ್ಟು ಹೋಗುತ್ತದೆ. ಒಂದಡಿ ಹಿಂದೆ ಹೋಗಿ ತೋಡಬೇಕು ಅಂತ ಅದಕ್ಕೆ ತಿಳಿಯುವುದಿಲ್ಲ. ಹಂದಿಗಾದರೆ ನೆಲದಿಂದ ಅರ್ಧ ಅಡಿಗೆ ಒಂದು, ಒಂದೂವರೆ ಅಡಿಗೆ ಒಂದು ಅಡ್ಡ ಪೈಪ್ ಕೊಡಿ. ಹಂದಿ ಹಾರುವುದು ಕಡಿಮೆ, ಮೂತಿಯಿಂದ ಬುಡ ಎತ್ತುವುದೇ ಅದರ ವಿದ್ಯೆ. ಬಾಗಿಲಿಗೆ ಸುಮ್ನೆ ಕೊಂಡಿ ಸಾಲದು. ಮಂಗ ಕೊಂಡಿ ತೆಗೆಯುವುದನ್ನು ನಿಮ್ಮನ್ನು ನೋಡಿಯೇ ಕಲಿಯುತ್ತದೆ. ಚಿಲಕಕ್ಕೆ ಒಂದು ಸ್ಪ್ರಿಂಗ್ ಕೊಕ್ಕೆ ಹಾಕಿ.

ಅಷ್ಟು ಹಣ ಈಗ ಆಗುವುದಿಲ್ಲ ಅಂದರೆ 10 ಅಡಿಗೆ 10 ಅಡಿಯದ್ದು ಮಾಡಿ. ದೊಡ್ಡದನ್ನು ಅರ್ಧಂಬರ್ಧ ಮಾಡಿ, ಚಾವಣಿ ಮುಂದಿನ ವರ್ಷ ಹಾಕೋಣ ಅನ್ನೋದಕ್ಕಿಂತ ಸಣ್ಣದನ್ನು ಪೂರ್ತಿ ಮಾಡಿದವರೇ ಗೆದ್ದಿದ್ದಾರೆ.

ಸೋಲಾರ್ ಬೇಲಿ ಕೇಳಿಲ್ಲ ನೀವು, ಆದರೆ ಯಾರಾದರೂ ಮಾರಲು ಬರುತ್ತಾರೆ. ಅದು ಮನೆ ಕರೆಂಟಿನ ಹಾಗಲ್ಲ. ಅದರ ಪೆಟ್ಟಿಗೆ ಸೆಕೆಂಡಿಗೆ ಒಂದು ಸಲದ ಹಾಗೆ ಕ್ಷಣಮಾತ್ರದ ಹೊಡೆತ ಕೊಡುತ್ತದೆ, ನೋವಾಗುತ್ತದೆ, ಕೈ ಬಿಡುತ್ತದೆ. ಒಳ್ಳೆ ಕಂಪನಿಯ ಪ್ರಮಾಣಿತ ಪೆಟ್ಟಿಗೆ ಇರಬೇಕು, ಲೋಕಲ್ ಮೆಕ್ಯಾನಿಕ್ ಕಟ್ಟಿಕೊಟ್ಟದ್ದು ಬೇಡ. ಹಂದಿಗೆ, ಕಾಡುಕುರಿಗೆ ಇದು ಚೆನ್ನಾಗಿ ನಾಟುತ್ತದೆ, ಕೆಳಗಿನ ತಂತಿ ನೆಲದಿಂದ ಗೇಣು ಎತ್ತರದಲ್ಲಿದ್ದರೆ ಮಾತ್ರ. ತೊಂದರೆ ಏನೆಂದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹುಲ್ಲು ವಾರಕ್ಕೊಮ್ಮೆ ತಂತಿ ಮುಟ್ಟುತ್ತದೆ, ಮುಟ್ಟಿದ ಕೂಡಲೇ ಹೊಡೆತ ಸತ್ತುಹೋಗುತ್ತದೆ. ಯಜಮಾನರಿಂದ, ನಿಮ್ಮಿಂದ ಪ್ರತಿ ವಾರ ಬುಡ ಸವರಲು ಆಗುತ್ತಾ, ಯೋಚಿಸಿ. ಮಂಗಕ್ಕಂತೂ ಅಡಿಕೆ ಮರ ಇರುವ ಕಡೆ ಸೋಲಾರ್ ಬೇಲಿ ಪ್ರಯೋಜನವಿಲ್ಲ, ಮೇಲಿಂದ ಮೇಲೆ ಹಾರಿ ಬರುತ್ತದೆ.

ಬಲೆ ಮನೆಯ ಹೊರಗಿನ ಜಾಗ ಹಾಳು ಬಿಡಬೇಡಿ. ಅರಿಶಿನ, ಕರಿಬೇವು, ದೊಡ್ಡಪತ್ರೆ, ಜೀರಿಗೆ ಮೆಣಸು, ಹಾಗಲ, ಇವನ್ನು ಮಂಗ ಸಾಮಾನ್ಯವಾಗಿ ತಿನ್ನುವುದಿಲ್ಲ. ಕೆಸು, ಸುವರ್ಣಗೆಡ್ಡೆ ಬಾಯಿ ತುರಿಸುತ್ತದೆ ಅಂತ ಮಂಗ ಬಿಟ್ಟರೂ ಹಂದಿ ಬಿಡದು. ಹಾಗಾಗಿ ರಾತ್ರಿಯದ್ದು ಹಂದಿ ಅಂತಾದರೆ ಗೆಡ್ಡೆಗಳನ್ನು ಬಚ್ಚಲು ಪಕ್ಕ, ದೀಪ ಬೀಳುವ ಕಡೆ, ಇಲ್ಲವೇ ಹಳೇ ಸಿಮೆಂಟ್ ಚೀಲದಲ್ಲಿ ಜಗಲಿ ಮೇಲೆ ಬೆಳೆಯಿರಿ. ಗೆಣಸು ಚೀಲದಲ್ಲಿ ಚೆನ್ನಾಗಿಯೇ ಬರುತ್ತದೆ. ಮುಟ್ಟುವುದಿಲ್ಲ ಅಂದರೂ ಏಪ್ರಿಲ್, ಮೇ ತಿಂಗಳ ಹಸಿವಿನಲ್ಲಿ ಮಂಗ ಏನನ್ನಾದರೂ ಕಿತ್ತು ನೋಡುತ್ತದೆ, ಅಷ್ಟು ನಷ್ಟ ಲೆಕ್ಕದಲ್ಲಿ ಇಟ್ಟುಕೊಳ್ಳಿ.

ನವಿಲಿನಿಂದ ಸಸಿ ಉಳಿಸುವುದು ಕಷ್ಟವಲ್ಲ. ಮೊಳಕೆಯಿಂದ ಗೇಣುದ್ದ ಆಗುವವರೆಗೆ ಒಡಕು ಬುಟ್ಟಿ ಮಗುಚಿ ಹಾಕಿ, ಹತ್ತು ಗಂಟೆಗೆ ತೆಗೆಯಿರಿ. ಮೀನು ಹಿಡಿಯುವ ನೈಲಾನ್ ಬಲೆಯನ್ನು ಮಾತ್ರ ನೆಲಕ್ಕೆ ಹಾಸಬೇಡಿ. ಕೇರೆಹಾವು ಅದರಲ್ಲಿ ಸಿಕ್ಕಿ ಒದ್ದಾಡಿ ಸಾಯುತ್ತದೆ. ಎಷ್ಟೋ ಸಲ ಕತ್ತರಿ ಹಿಡಿದು ಬಿಡಿಸಿದ್ದೇನೆ, ಕೆಲವನ್ನು ಉಳಿಸಲಾಗಲಿಲ್ಲ. ಅದು ಹೋದರೆ ನಿಮಗೆ ಹೆಗ್ಗಣ ಹಿಡಿಯುವವರು ಯಾರೂ ಇರುವುದಿಲ್ಲ.

ಮಂಗ ಓಡಿಸುವುದೇ ಬೇಡ ಅಂತಲ್ಲ. ಆದರೆ ನಾವು ಓಡಿಸುವ ಹೊತ್ತು ತಪ್ಪು. ಅವು ಚಪ್ಪರಕ್ಕೆ ಇಳಿದು, ಅರ್ಧ ತಿಂದ ಮೇಲೆ ನಾವು ಕೂಗುತ್ತಾ ಬರುತ್ತೇವೆ. ಆಗ ಅವು ಕಲಿಯುವುದು ಇಷ್ಟೇ, ತಿಂದು ಓಡಿದರೆ ಆಯಿತು ಅಂತ. ಹತ್ತು ಗಂಟೆಗೆ ಬರುತ್ತವೆ ಅಂತ ನೀವೇ ಬರೆದಿದ್ದೀರಿ. ಒಂಬತ್ತೂವರೆಗೆ ಅವು ಬರುವ ಮರದ ಕಡೆ ಹೋಗಿ ನಿಂತು, ನೆಲಕ್ಕೆ ಇಳಿಯುವ ಮೊದಲೇ ಡಬ್ಬ ಬಡಿಯಿರಿ, ಕವಣೆಯಿಂದ ಪಕ್ಕದ ಎಲೆಗೆ ಮಣ್ಣಿನುಂಡೆ ಹೊಡೆಯಿರಿ. ಮೈಗೆ ಗುರಿಯಿಡುವುದು ಬೇಡ, ನಿಮ್ಮ ಕೈ ನಡುಗುವುದೂ ಬೇಡ. ಎರಡು ವಾರ ತಪ್ಪದೆ ಮಾಡಿದರೆ ಹಿಂಡು ದಾರಿ ಬದಲಿಸುತ್ತದೆ. ಹೌದು, ಪಕ್ಕದವರ ಮನೆಗೆ ಹೋಗುತ್ತದೆ. ಅದಕ್ಕೇ ಸುತ್ತಿನ ನಾಲ್ಕು ಮನೆಯವರು ಒಟ್ಟಿಗೆ ಮಾಡಬೇಕು, ತಂಗಳನ್ನೂ ಎಲ್ಲರೂ ಗುಂಡಿ ತೋಡಿ ಮುಚ್ಚಬೇಕು. ದೊಡ್ಡ ಗಂಡು ಮಂಗ ಬಾಯಿ ತೆರೆದು ಹಲ್ಲು ತೋರಿಸಿದರೆ ದಿಟ್ಟಿಸಿ ನೋಡಬೇಡಿ, ಅದಕ್ಕೆ ಹೋಗಲು ದಾರಿ ಬಿಟ್ಟು ಹಿಂದೆ ಸರಿಯಿರಿ. ಕಚ್ಚಿದರೆ, ಪರಚಿದರೂ ಸರಿ, ಹದಿನೈದು ನಿಮಿಷ ಸೋಪು ಹಚ್ಚಿ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಿ ರೇಬೀಸ್ ಚುಚ್ಚುಮದ್ದು ತೆಗೆದುಕೊಳ್ಳಿ.

ಮಂಗ ಹಿಡಿಸಿ ದೂರ ಬಿಡಿಸೋಣ ಅಂತ ಊರಿನಲ್ಲಿ ವಂತಿಗೆ ಎತ್ತಲು ಬಂದರೆ ಕೊಡಬೇಡಿ. ಹಾಗೆ ಬಿಟ್ಟ ಹಿಂಡು ಇನ್ನೊಂದು ಊರಿನ ಹಿತ್ತಲಿಗೆ ಇಳಿಯುತ್ತದೆ. ನಿಮ್ಮ ಊರಿನ ಖಾಲಿ ಜಾಗಕ್ಕೆ ಇನ್ನೊಂದು ಹಿಂಡು ಬರುತ್ತದೆ. ಇದಲ್ಲದೆ ನಮ್ಮದು ಮಂಗನ ಕಾಯಿಲೆಯ ಸೀಮೆ. 1957ರಲ್ಲಿ ಸೊರಬದ ಕ್ಯಾಸನೂರಿನಲ್ಲಿ ಗುರುತಿಸಿದ ಆ ಜ್ವರ ಉಣುಗಿನಿಂದ (ಉಣ್ಣೆ ಹುಳದಿಂದ) ಬರುತ್ತದೆ. ಡಿಸೆಂಬರ್‌ನಿಂದ ಮೇವರೆಗೆ ಹಿತ್ತಲಲ್ಲಿ ಸತ್ತ ಮಂಗ ಕಂಡರೆ ಮುಟ್ಟಬೇಡಿ, ಹೂಳಬೇಡಿ, ಹೂವು ಹಾಕಿ ಸಂಸ್ಕಾರ ಮಾಡಲೂ ಹೋಗಬೇಡಿ. ಭಕ್ತಿಯಿಂದ ಹತ್ತಿರ ಹೋದವರಿಗೂ ಉಣುಗು ಹತ್ತುತ್ತದೆ. ಆಶಾ ಕಾರ್ಯಕರ್ತೆಗೋ ಅರಣ್ಯ ಇಲಾಖೆಯ 1926ಕ್ಕೋ ಫೋನ್ ಮಾಡಿ. ಬೇಸಿಗೆಯಲ್ಲಿ ಸೊಪ್ಪಿನಬೆಟ್ಟದಿಂದ ದರಕು (ಒಣ ಎಲೆ) ತಂದು ತರಕಾರಿಗೆ ಹಾಕುವವರು ಮೈಗೆ ಉಣುಗು ಹತ್ತದ ಎಣ್ಣೆ ಹಚ್ಚಿಕೊಂಡು ಹೋಗಿ, ಬಂದ ಕೂಡಲೇ ಬಿಸಿನೀರಿನಲ್ಲಿ ಮೈ ತೊಳೆದುಕೊಳ್ಳಿ. ಆರೋಗ್ಯ ಇಲಾಖೆ ಕೊಡುವ ಈ ಎಣ್ಣೆಯನ್ನು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿ.

ಪರಿಹಾರದ ಬಗ್ಗೆ ಕೇಳುವವರಿದ್ದಾರೆ. ಬೆಳೆ ಹಾನಿಗೆ ಅರಣ್ಯ ಇಲಾಖೆಯಲ್ಲಿ ಇ-ಪರಿಹಾರ ಅಂತ ವ್ಯವಸ್ಥೆಯಿದೆ. ಹಂದಿ ಬಂದು ತೋಟದ ಸಸಿ ಮುರಿದಿದ್ದರೆ ಫೋಟೊ ತೆಗೆದು ಅರ್ಜಿ ಹಾಕಿ. ಹಿತ್ತಲಿನ ಹತ್ತು ಸೌತೆಕಾಯಿಗೆ ಅದರ ದಾರಿ ಕಾಯಬೇಡಿ.

ಈ ವಾರ ನೀವು ಮಾಡಬೇಕಾದ್ದು ಮೂರು ರಾತ್ರಿ ಬೂದಿ ಹರಡುವ ಕೆಲಸ ಮಾತ್ರ. ಗುರುತು ಬಿದ್ದರೆ ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಟ್ಟು ಫೋಟೊ ತೆಗೆದು ಕಳಿಸಿ, ಯಾವುದು ಅಂತ ಹೇಳುತ್ತೇನೆ. ಬಲೆ ಮನೆಯ ಕಂಬ ಮೇ ತಿಂಗಳ ಮೊದಲೇ ನಿಲ್ಲಲಿ, ಒದ್ದೆ ಮಣ್ಣಿನಲ್ಲಿ ನಿಲ್ಲಿಸಿದ ಕಂಬ ವಾಲುತ್ತದೆ. ರೋಹಿಣಿ ಮಳೆಗೆ ಬೀಜ ಹಾಕುವಾಗ ಸೌತೆಯ ಎರಡು ಬುಡವನ್ನು ಬೀಜಕ್ಕೇ ಅಂತ ಮೊದಲೇ ಬಿಟ್ಟುಕೊಳ್ಳಿ. ಹಳೇ ತಳಿ ನಿಮ್ಮಲ್ಲಿ ಉಳಿದಿಲ್ಲದಿದ್ದರೆ ಅಕ್ಕಪಕ್ಕದ ಅಜ್ಜಿಯರನ್ನು ಈಗಲೇ ಕೇಳಿ ಇಟ್ಟುಕೊಳ್ಳಿ, ಒಲೆಯ ಮೇಲೆ ಹೊಗೆಗೆ ಕಟ್ಟಿದ ಬೀಜ ಇನ್ನೂ ಒಂದೆರಡು ಮನೆಯಲ್ಲಿ ಇದ್ದೇ ಇರುತ್ತದೆ.